ಗೇರುಬೀಜ ಕಾರ್ಖಾನೆಯ ಇಆರ್‌ಪಿ: ಪರೀಕ್ಷಿಸಲು ಬಂದ ತಂಡದ ಕೆಲಸ ಹೇಗಿತ್ತು?

ಬೈಕಂಪಾಡಿಯ ನಮ್ಮ ಗೇರುಬೀಜ ಕಾರ್ಖಾನೆಗೆ ಇಆರ್‌ಪಿ (ಖರೀದಿ, ದಾಸ್ತಾನು, ಮಾರಾಟ, ಲೆಕ್ಕವನ್ನೆಲ್ಲ ಒಂದೇ ಕಡೆ ನೋಡಿಕೊಳ್ಳುವ) ತಂತ್ರಾಂಶ ಮಾರಿದವರು 'ಎಲ್ಲ ಪರೀಕ್ಷಿಸಿಯೇ ಕೊಟ್ಟಿದ್ದೇವೆ' ಎಂದಿದ್ದರು. ಆದರೆ ಆ ಪರೀಕ್ಷೆ ನಡೆದದ್ದು ಅವರದೇ ಮಾದರಿ ಲೆಕ್ಕಗಳ ಮೇಲೆ. ಹಾಗಾಗಿ ಚಾಲನೆಗೆ ಮೊದಲು ಮಂಗಳೂರಿನದೇ ಒಂದು ಸಣ್ಣ ಪರೀಕ್ಷಾ ತಂಡವನ್ನು ಕರೆಸಿದೆವು. ಲೆಕ್ಕಪತ್ರ ವಿಭಾಗ ನನ್ನದು. ಕೊಟ್ಟ ಹಣ ಸಾರ್ಥಕವಾಯಿತೆಂದು ಖಂಡಿತವಾಗಿ ಹೇಳುತ್ತೇನೆ.

ಅವರು ಮೊದಲು ಕೇಳಿದ್ದು ಮಾರ್ಚ್ ತಿಂಗಳ ಅಸಲಿ ಕಡತಗಳನ್ನು. ಪಣಂಬೂರು ಬಂದರಿಗೆ ಬಂದಿಳಿದ ಆಫ್ರಿಕಾದ ಕಚ್ಚಾ ಬೀಜದಿಂದ ಹಿಡಿದು ರಫ್ತಿನ ಬಿಲ್ಲಿನವರೆಗೆ ಇಡೀ ತಿಂಗಳ ವ್ಯವಹಾರವನ್ನು ಹೊಸ ತಂತ್ರಾಂಶದಲ್ಲಿ ಮತ್ತೊಮ್ಮೆ ನಡೆಸಿದರು. ತಪ್ಪು ಸಿಕ್ಕಿದ್ದು ಅಲ್ಲಿ. ರಫ್ತಿನ ಪೆಟ್ಟಿಗೆಯ ತೂಕ 50 ಪೌಂಡ್, ಅಂದರೆ 22.68 ಕಿಲೋ. ತಂತ್ರಾಂಶ ಅದನ್ನು 22.7 ಎಂದು ಹಿಡಿದಿತ್ತು. ಪೆಟ್ಟಿಗೆಗೆ 20 ಗ್ರಾಂ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. 700 ಪೆಟ್ಟಿಗೆಗಳ ಕಂಟೇನರಿಗೆ ಅದೇ 14 ಕಿಲೋ. ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ಲಿಗೂ ಗೋದಾಮಿನ ದಾಸ್ತಾನಿಗೂ ಆಗ ತಾಳೆಯೇ ಬೀಳುವುದಿಲ್ಲ.

ರೈತರಿಂದ ನೇರ ಕೊಂಡ ಕಚ್ಚಾ ಬೀಜಕ್ಕೆ ಜಿಎಸ್‌ಟಿ ಕಟ್ಟಬೇಕಾದವರು ಕೊಂಡ ನಾವು. ಆ ತೆರಿಗೆಯೂ ಲೆಕ್ಕದಲ್ಲಿ ಬಿಟ್ಟುಹೋಗಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಕೆಲಸ ಮಾಡುವವರನ್ನೇ ಪಕ್ಕದಲ್ಲಿ ಕೂರಿಸಿಕೊಂಡದ್ದು. 'ಡಬ್ಲ್ಯೂ 240 ಎಂದು ಆರಿಸಿದ ತಿರುಳು ಮರುಪರಿಶೀಲನೆಯಲ್ಲಿ 320 ಆದರೆ ಎಲ್ಲಿ ಬರೆಯಲಿ?' ಎಂದು ಗ್ರೇಡಿಂಗ್ ಮೇಲ್ವಿಚಾರಕಿ ಕೇಳಿದರು. ಪೌಂಡಿಗೆ ಎಷ್ಟು ಇಡೀ ತಿರುಳು ಎಂಬುದರ ಮೇಲೆ ಇಡುವ ದರ್ಜೆಗಳಿವು. ದರ್ಜೆ ಹಾಗೆ ಬದಲಿಸಲು ತಂತ್ರಾಂಶದಲ್ಲಿ ದಾರಿಯೇ ಇರಲಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ಕೈಕೊಡುವುದು ಮಾಮೂಲು. ತಂಡದವರು ಬೇಕೆಂದೇ ವೇಬ್ರಿಜ್ (ಲಾರಿ ತೂಗುವ ಕಾಟಾ) ನಮೂದಿನ ನಡುವೆ ಸಂಪರ್ಕ ತಪ್ಪಿಸಿ ನೋಡಿದರು. ಒಂದೇ ಲಾರಿಯ ಲೋಡು ಎರಡು ಬಾರಿ ದಾಖಲಾಯಿತು!

1999ರಲ್ಲಿ ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀ ಅವಸರದಲ್ಲಿ ಇಂಥದೇ ಹೊಸ ತಂತ್ರಾಂಶ ವ್ಯವಸ್ಥೆಗೆ ಬದಲಾಯಿತು. ಹ್ಯಾಲೋವೀನ್ ಹಬ್ಬದ ಭರಾಟೆಯಲ್ಲಿ ಸುಮಾರು 10 ಕೋಟಿ ಡಾಲರ್ ಮೌಲ್ಯದ ಬೇಡಿಕೆ ಪೂರೈಸಲಾಗದೆ ಒದ್ದಾಡಿತು. ಅಷ್ಟು ದೊಡ್ಡವರು ತಡೆದುಕೊಂಡರು. ನಮ್ಮಂಥ ಕಾರ್ಖಾನೆಯಲ್ಲಿ ಒಂದು ಕಂಟೇನರ್ ನಿಂತರೆ ಬ್ಯಾಂಕಿನ ಕಂತಿಗೂ ಸಿಪ್ಪೆ ಸುಲಿಯುವ ಹೆಂಗಸರ ವಾರದ ಕೂಲಿಗೂ ಕುತ್ತು.

ಕೊರತೆಗಳೂ ಇವೆ. ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಗೋದಾಮಿನವರಿಗೆ ನಾನೇ ಓದಿ ಹೇಳಬೇಕಾಯಿತು. ತಪ್ಪು ಸರಿಪಡಿಸಿದ ಮೇಲೆ ಮತ್ತೆ ಪರೀಕ್ಷಿಸಲು ಬೇರೆ ಶುಲ್ಕವೆಂದು ಕೊನೆಗೆ ತಿಳಿಯಿತು. ಯಾರನ್ನೇ ಕರೆಸುವಿರಾದರೂ ಅದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.