ಕೋನ ಅಳೆದು ಕೈ ಮಡಚಿಸಿದವರು: ಕಲಬುರಗಿಯ ಒಂದು ಫಿಜಿಯೋಥೆರಪಿ ಕೇಂದ್ರದಲ್ಲಿ 12 ವಾರ

ಕಳೆದ ಫೆಬ್ರವರಿಯಲ್ಲಿ ಮನೆಯ ಹಿತ್ತಲಿನ ಶಹಾಬಾದ್ ಫರಸಿಯ ಮೇಲೆ ನೀರು ನಿಂತದ್ದನ್ನು ಗಮನಿಸದೆ ಕಾಲಿಟ್ಟು ಜಾರಿ, ಬಲ ಮೊಣಕೈ ನೆಲಕ್ಕೆ ಬಡಿಯುವಂತೆ ಬಿದ್ದೆ. ಮೇಜಿಗೆ ಮೊಣಕೈಯೂರಿದಾಗ ತಾಗುವ ಹಿಂಬದಿಯ ಎಲುಬು ಎರಡು ತುಂಡಾಗಿತ್ತು. ಎರಡು ತೆಳ್ಳನೆಯ ಉಕ್ಕಿನ ಕಡ್ಡಿಗಳನ್ನು ತೂರಿಸಿ, ಅವುಗಳ ಸುತ್ತ ಇಂಗ್ಲಿಷಿನ ಎಂಟರ ಆಕಾರದಲ್ಲಿ ತಂತಿ ಬಿಗಿದು ತುಂಡುಗಳನ್ನು ಕೂಡಿಸುವ ‘ಟೆನ್ಷನ್ ಬ್ಯಾಂಡ್ ವೈರಿಂಗ್’ ಶಸ್ತ್ರಚಿಕಿತ್ಸೆ ಮೂರನೆಯ ದಿನ ನಮ್ಮ ಊರಿನಲ್ಲಿಯೇ ಆಯಿತು. ನಾನಿಲ್ಲಿ ಬರೆಯುತ್ತಿರುವುದು ಹೊಲಿಗೆ ಬಿಚ್ಚಿದ ಮೇಲೆ 12 ವಾರ ಹೋಗಿಬಂದ, ಸೇಡಂ ರಸ್ತೆಯ ಕಡೆಗಿರುವ ಫಿಜಿಯೋಥೆರಪಿ ಕೇಂದ್ರವೊಂದರ ಬಗ್ಗೆ. ಮೆಚ್ಚುಗೆಯ ಜೊತೆಗೆ ತಕರಾರೂ ಇರುವುದರಿಂದ ಅದರ ಹೆಸರನ್ನು ಬರೆಯುವುದಿಲ್ಲ.

ಮೊದಲ ದಿನ ಅಲ್ಲಿನ ಹಿರಿಯ ಚಿಕಿತ್ಸಕಿ ಯಾವ ಯಂತ್ರವನ್ನೂ ಹಚ್ಚಲಿಲ್ಲ. ಎರಡು ತೋಳುಗಳುಳ್ಳ ಪಾರದರ್ಶಕ ಪ್ಲಾಸ್ಟಿಕ್ಕಿನ, ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ತಂದು, ಅದರ ನಡುಬಿಂದುವನ್ನು ಮೊಣಕೈಯ ಹೊರಬದಿಯ ಎಲುಬಿನ ಗಂಟಿನ ಮೇಲಿಟ್ಟು, ಒಂದು ತೋಳನ್ನು ಭುಜದ ಕಡೆಗೂ ಇನ್ನೊಂದನ್ನು ಮಣಿಕಟ್ಟಿನ ಕಡೆಗೂ ಹೊಂದಿಸಿ, ‘40ರಿಂದ 85’ ಎಂದು ಒಂದು ಸಣ್ಣ ನೋಟುಪುಸ್ತಕದಲ್ಲಿ ಬರೆದರು. ಅಂದರೆ ಕೈ ಪೂರ್ತಿ ನೇರವಾಗಲು ಇನ್ನೂ 40 ಡಿಗ್ರಿ ಉಳಿದಿತ್ತು, ಮಡಚಿದರೆ 85ಕ್ಕೆ ನಿಲ್ಲುತ್ತಿತ್ತು. ದಿನನಿತ್ಯದ ಹೆಚ್ಚಿನ ಕೆಲಸಗಳಿಗೆ 30ರಿಂದ 130 ಡಿಗ್ರಿಯವರೆಗಿನ ಚಲನೆ ಸಾಕಾಗುತ್ತದೆ, ಅದು ನಮ್ಮ ಮೊದಲ ಗುರಿ ಎಂದು ಅವರು ವಿವರಿಸಿದರು. ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದ ನನಗೆ, ನನ್ನ ನೋವಿಗೂ ಒಂದು ಕೋನವಿದೆ ಎಂಬುದು ಆ ದಿನದ ಏಕೈಕ ಸಮಾಧಾನವಾಗಿತ್ತು.

ಈ ಕೇಂದ್ರದ ನಿಜವಾದ ಬೆಲೆ ತಿಳಿದದ್ದು ಅವರು ಬೇಡವೆಂದ ವಿಷಯದಲ್ಲಿ. ಮೂರು ವಾರವಾದರೂ ಬಾಯಿಗೆ ತುತ್ತು ಮುಟ್ಟದಿದ್ದಾಗ ನಮ್ಮ ಅತ್ತೆಯವರು, “ಎಣ್ಣಿ ಹಚ್ಚಿ ತಿಕ್ಕಿಸಿದ್ರ ಎಂಟು ದಿನದಾಗ ಸಲೀಸಾಗ್ತದ” ಎಂದು ಎಲುಬು ಕೂಡಿಸುವವರೊಬ್ಬರ ಹೆಸರು ಹೇಳಿ ಒತ್ತಾಯಿಸುತ್ತಿದ್ದರು. ಅದನ್ನು ತಿಳಿಸಿದಾಗ ಚಿಕಿತ್ಸಕಿ, “ಮೊಳಕೈ ಜಗ್ಗಿದಷ್ಟೂ ಬಿಗೀತದ್ರಿ ಅಕ್ಕಾರ, ನೀವೇ ಮಡಚ್ರಿ, ನಾ ಬರೇ ಕೈ ಕೊಡ್ತೀನಿ” ಎಂದರು. ಪೆಟ್ಟಾದ ಮೊಣಕೈಯನ್ನು ಬಲವಂತವಾಗಿ ತಿಕ್ಕಿದರೆ ಅಥವಾ ಜಗ್ಗಿದರೆ ಊತ ಮತ್ತೆ ಏರುವುದಲ್ಲದೆ, ಎಲುಬು ಇರಬಾರದ ಸ್ನಾಯುವಿನೊಳಗೇ ಎಲುಬು ಬೆಳೆದು ಕೀಲು ಕಟ್ಟಿಹೋಗುವ ಅಪಾಯವಿದೆ ಎಂಬುದನ್ನು, ಮರುದಿನ ಅತ್ತೆಯವರನ್ನೇ ಕರೆಸಿ ಕೂರಿಸಿ, ಕಾಲು ಗಂಟೆ ವ್ಯಯಿಸಿ ಹೇಳಿದರು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಚಿಕಿತ್ಸೆಯ ಕ್ರಮ ಸರಳವಾಗಿತ್ತು. ಹತ್ತು ನಿಮಿಷ ಬಿಸಿ ಶಾಖ, ನಂತರ ನಾನೇ ಮಾಡುವ ವ್ಯಾಯಾಮ, ಕೊನೆಗೆ ಐಸ್ ಪ್ಯಾಕ್. ಕೈಯನ್ನು ಬಲ ಹಾಕಿ ನೇರ ಮಾಡುವುದನ್ನೂ, ಅಂಗೈ ಊರಿ ಏಳುವುದನ್ನೂ ಆರು ವಾರ ನಿಷೇಧಿಸಿದ್ದರು, ಏಕೆಂದರೆ ತೋಳಿನ ಹಿಂಬದಿಯ ಸ್ನಾಯು ಮುರಿದ ತುಂಡಿಗೇ ಅಂಟಿಕೊಂಡಿದ್ದು, ಬಲ ಬಿದ್ದರೆ ಅದನ್ನೇ ಎಳೆಯುತ್ತದೆ. ಕಿರುಬೆರಳು ಜುಮುಗುಡುತ್ತದೆಯೇ ಎಂದು ಪ್ರತಿ ಸಲವೂ ಕೇಳುತ್ತಿದ್ದರು, ಆ ಬೆರಳಿಗೆ ಹೋಗುವ ನರ ಮೊಣಕೈಯ ಒಳಬದಿಯಲ್ಲಿ ಎಲುಬಿಗೆ ತಾಗಿಯೇ ಸಾಗುವುದರಿಂದ. ಎಕ್ಸ್-ರೇಯಲ್ಲಿ ಎಲುಬು ಕೂಡಿದ್ದು ಕಂಡ ಮೇಲೆ, “ಮನೆಯಲ್ಲಿ ಏನು ಕೆಲಸ ನಿಂತಿದೆ?” ಎಂದು ವಿಚಾರಿಸಿ, ಡಂಬೆಲ್ ಕೊಡುವ ಬದಲು ಜೋಳದ ಹಿಟ್ಟು ನಾದಲು ಹೇಳಿದರು. ಮೊದಲು ಒಂದೇ ರೊಟ್ಟಿಯ ಹಿಟ್ಟು, ವಾರ ಬಿಟ್ಟು ಎರಡು ರೊಟ್ಟಿಯದು. ನನ್ನ ಮೊದಲ ರೊಟ್ಟಿ ಹೈದರಾಬಾದ್ ಕರ್ನಾಟಕದ ನಕಾಶೆಯಂತೆ ಬಂದಿತ್ತೆಂದು ಮಗಳು ಇಂದಿಗೂ ನಗುತ್ತಾಳೆ.

ಇನ್ನು ತಕರಾರು. ಐದನೆಯ ವಾರದಿಂದ ಹಿರಿಯ ಚಿಕಿತ್ಸಕಿ ಸಂಜೆ ಮಾತ್ರ ಬರತೊಡಗಿದ್ದರಿಂದ ಬೆಳಗಿನವರ ಕೈಗಳೆಲ್ಲ ತರಬೇತಿಯ ಹುಡುಗರ ಪಾಲಾದವು. ಒಬ್ಬ ಹುಡುಗ ಗೋನಿಯೋಮೀಟರನ್ನು ಎಲುಬಿನ ಗಂಟಿಗಿಂತ ಎರಡು ಬೆರಳು ಕೆಳಗಿಟ್ಟು ‘122’ ಎಂದು ಬರೆದ. ಮೂರು ದಿನದ ಹಿಂದೆ ಅದು 112 ಆಗಿತ್ತು, ಮತ್ತು ಆ ಬೆಳಿಗ್ಗೆಯೂ ನಾನು ಚಹಾದ ಕಪ್ಪಿಗೆ ಕುತ್ತಿಗೆ ಬಗ್ಗಿಸಿಯೇ ಬಂದಿದ್ದೆ. ನಡುಬಿಂದು ಸರಿದರೆ ಕೋನ ಸುಳ್ಳಾಗುತ್ತದೆ ಎಂದು ಎಂಟನೆಯ ತರಗತಿಯ ಮಕ್ಕಳಿಗೆ ಹೇಳುವಂತೆಯೇ ಅವನಿಗೂ ಹೇಳಿ ಮತ್ತೆ ಅಳೆಸಿದೆ, 113 ಬಂತು. ಪಾಪ, ಅವನು ನಾಚಿ ತಿದ್ದಿಕೊಂಡ. ಆದರೆ ಕೋನಗಳನ್ನು ನಂಬಿಯೇ ವ್ಯಾಯಾಮ ಬದಲಿಸುವ ಜಾಗದಲ್ಲಿ ಅಳತೆಯನ್ನು ಪರೀಕ್ಷಿಸುವವರು ಒಬ್ಬರಾದರೂ ಬೆಳಿಗ್ಗೆಯೂ ಇರಬೇಕು.

ಹಣದ ವಿಷಯದಲ್ಲಿಯೂ ಸ್ವಲ್ಪ ಒರಟುತನವಿದೆ. ಒಂದು ಸಲಕ್ಕೆ 350 ರೂಪಾಯಿ, ಹತ್ತು ಸಲಕ್ಕೆ ಒಟ್ಟಿಗೆ ಕಟ್ಟಿದರೆ 3,000. ಒಟ್ಟಿಗೆ ಕಟ್ಟಿದ ಹಣ 15 ದಿನದೊಳಗೆ ಮುಗಿಯಬೇಕೆಂಬುದನ್ನು ಯಾರೂ ಮೊದಲು ಹೇಳಲಿಲ್ಲ. ತವರಿನ ಮದುವೆಗೆಂದು ಚಿತ್ತಾಪುರಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ಎರಡು ಸರದಿ, ಅಂದರೆ 600 ರೂಪಾಯಿ, ಹೋಗಿತ್ತು. ಕೇಂದ್ರ ಮೊದಲನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ನನಗದು ತೊಂದರೆಯಾಗಲಿಲ್ಲ, ಆದರೆ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವ ಹಿರಿಯರನ್ನು ನೋಡಿದಾಗ ಈ ಜಾಗವನ್ನು ಆರಿಸಿದವರ ಬಗ್ಗೆ ಸಿಟ್ಟು ಬರುತ್ತಿತ್ತು. ಮೇ ತಿಂಗಳಲ್ಲಿ ಕರೆಂಟ್ ಹೋದರೆ ಶಾಖದ ಪ್ಯಾಕ್ ಇರಲಿ, ಫ್ಯಾನೂ ಇರುವುದಿಲ್ಲ.

ಹನ್ನೆರಡನೆಯ ವಾರ ಹಿರಿಯ ಚಿಕಿತ್ಸಕಿಯೇ ಬರೆದ ಅಂಕಿ ‘15ರಿಂದ 132’. ಜಡೆ ಹೆಣೆದುಕೊಳ್ಳುತ್ತೇನೆ, ಬೋರ್ಡಿನ ಮೇಲಿನ ಅಂಚಿನವರೆಗೆ ಬರೆಯುತ್ತೇನೆ; ಉಳಿದ 15 ಡಿಗ್ರಿ ಪೂರ್ತಿ ಬರುವುದು ಅನುಮಾನವೆಂದು ಅವರೇ ಮೊದಲೇ ಹೇಳಿದ್ದರಿಂದ ಅದರ ಬಗ್ಗೆ ನನ್ನ ದೂರಿಲ್ಲ. ತಂತಿಯ ತುದಿ ಮೇಜಿಗೆ ಒತ್ತಿ ಚುಚ್ಚುವುದು ಮಾತ್ರ ಹಾಗೆಯೇ ಇದೆ, ಅದನ್ನು ತೆಗೆಸುವ ಮಾತು ವೈದ್ಯರೊಂದಿಗೆ ನಡೆದಿದೆ. ತೆಗೆದ ಮೇಲೆ ಮತ್ತೆ ಇಲ್ಲಿಗೇ ಹೋಗುತ್ತೇನೆ, ಆದರೆ ಸಂಜೆಯ ಹೊತ್ತಿಗೆ, ಮತ್ತು ದಿನದ ಹಣ ದಿನ ಕೊಟ್ಟು.