ಮೂರು ವರ್ಷದ ಟ್ರಾವೆಲ್ ಸಾಕರ್: ಐದಕ್ಕೆ ಎರಡೂವರೆ ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಕ್ಲಬ್ಬಿನ ಹೆಸರು ಬರೆಯುವುದಿಲ್ಲ. ಮಧ್ಯ ನ್ಯೂಜೆರ್ಸಿಯಲ್ಲಿ ಇಂಥ ಕ್ಲಬ್ಬು ಹತ್ತಾರಿವೆ. ನನ್ನ ಮಗಳು ಅದರಲ್ಲೊಂದರಲ್ಲಿ ಮೂರು ಸೀಸನ್ ಆಡಿದಳು, 2022ರ ಸೆಪ್ಟೆಂಬರ್‌ನಿಂದ 2025ರ ಜೂನ್‌ವರೆಗೆ. ಈಚೆಗೆ ನಮ್ಮ ಎಡಿಸನ್ ಕಡೆಯ ಮೂವರು ಕನ್ನಡದ ಅಮ್ಮಂದಿರು "ಹೆಂಗಿದೆ, ನಮ್ಮ ಮಕ್ಕಳನ್ನೂ ಸೇರಿಸಬಹುದಾ?" ಅಂತ ಕೇಳಿದರು. ಮೂವರಿಗೂ ಫೋನಿನಲ್ಲಿ ಒಂದೊಂದು ಗಂಟೆ ಕೊರೆದಿದ್ದೇನೆ. ನಾಲ್ಕನೆಯವರಿಗೆ ಈ ಬರಹ.

ಊರಲ್ಲಿ ಕೂತು ಓದುವವರಿಗೆ ಸ್ವಲ್ಪ ಹಿನ್ನೆಲೆ. ಇಲ್ಲಿ ಸಾಕರ್ ಅಂದರೆ ನಮ್ಮ ಫುಟ್‌ಬಾಲ್. ಟೌನ್‌ನವರು ನಡೆಸುವುದು ರೆಕ್. ನೂರು ನೂರೈವತ್ತು ಡಾಲರ್ ಕೊಟ್ಟರೆ ಯಾರನ್ನಾದರೂ ಸೇರಿಸಿಕೊಳ್ಳುತ್ತಾರೆ, ಯಾರದೋ ಅಪ್ಪ ಕೋಚ್ ಆಗಿರುತ್ತಾರೆ, ಮ್ಯಾಚು ಮುಗಿದ ಮೇಲೆ ಎಲ್ಲರಿಗೂ ಕಿತ್ತಳೆ ಹೋಳು. ಟ್ರಾವೆಲ್ ಹಾಗಲ್ಲ. ಟ್ರೈಔಟ್‌ನಲ್ಲಿ ಆರಿಸುತ್ತಾರೆ, ಸಂಬಳದ ಕೋಚ್ ಇರುತ್ತಾರೆ, ಬೇರೆ ಊರಿಗೆ, ಬೇರೆ ರಾಜ್ಯಕ್ಕೆ ಹೋಗಿ ಆಡಬೇಕು. ಅದರ ಮೇಲೆ ಇನ್ನೂ ಮೆಟ್ಟಿಲುಗಳಿವೆ, ದೇಶಮಟ್ಟದ ಲೀಗುಗಳು. ಇಸಿಎನ್‌ಎಲ್, ಗರ್ಲ್ಸ್ ಅಕಾಡೆಮಿ, ಹುಡುಗರಿಗೆ ಎಂಎಲ್‌ಎಸ್ ನೆಕ್ಸ್ಟ್. ಇಸಿಎನ್‌ಎಲ್ 2009ರದ್ದು, ಇನ್ನೆರಡು 2020ರಲ್ಲಿ ಬಂದವು. ಪಾರ್ಕಿಂಗ್ ಲಾಟಿನಲ್ಲಿ ಅಪ್ಪಂದಿರು ಈ ಹೆಸರುಗಳನ್ನು ನಮ್ಮೂರಲ್ಲಿ ಐಐಟಿ, ಎನ್‌ಐಟಿ ಅನ್ನುವ ಧಾಟಿಯಲ್ಲೇ ಹೇಳುತ್ತಾರೆ.

ಟ್ರೈಔಟ್ ದಿನ ಮಗಳಿಗೆ ಎಂಟು ವರ್ಷ. ಬೆನ್ನಿಗೆ ನಂಬರ್ ಹಾಕಿ ಒಂದೂವರೆ ಗಂಟೆ ಓಡಿಸಿದರು. ರಾತ್ರಿ ಒಂಬತ್ತಕ್ಕೆ ಇಮೇಲ್ ಬಂತು: ಸೀಟು ಸಿಕ್ಕಿದೆ, 48 ಗಂಟೆಯಲ್ಲಿ ಡೆಪಾಸಿಟ್ ಕಟ್ಟಿ, ವಾಪಸ್ ಇಲ್ಲ. ನನಗೆ ಸಿಇಟಿ ಕೌನ್ಸೆಲಿಂಗ್ ನೆನಪಾಯಿತು. ಅದೇ ಹೆದರಿಕೆಯಲ್ಲಿ, ಯಾವ ಪ್ರಶ್ನೆಯನ್ನೂ ಕೇಳದೆ ಕಟ್ಟಿಬಿಟ್ಟೆವು. ಮಾಡಿದ ದೊಡ್ಡ ತಪ್ಪು ಅದೇ.

ಕೇಳಬೇಕಿದ್ದ ಪ್ರಶ್ನೆ ಒಂದೇ. ನನ್ನ ಮಗು ಹೋಗುವ ತಂಡಕ್ಕೆ ಕಲಿಸುವವರು ಯಾರು? ಬ್ರೋಷರಿನಲ್ಲಿ ದೊಡ್ಡ ಫೋಟೋ ಇದ್ದದ್ದು ಕ್ಲಬ್ಬಿನ ಡೈರೆಕ್ಟರದು. ಒಂದೇ ವಯಸ್ಸಿಗೆ ಅಲ್ಲಿ ಮೂರು ತಂಡ: ಕೆಂಪು, ನೀಲಿ, ಬಿಳಿ. ಬಣ್ಣದ ಹೆಸರಿಟ್ಟಿದ್ದರಿಂದ ಮೇಲು ಕೀಳು ಗೊತ್ತಾಗುವುದಿಲ್ಲ ಅಂತ ಅವರ ನಂಬಿಕೆ. ಎಂಟು ವರ್ಷದ ಮಕ್ಕಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಡೈರೆಕ್ಟರ್ ನೋಡಿಕೊಳ್ಳುತ್ತಿದ್ದದ್ದು ಕೆಂಪು ತಂಡವನ್ನು. ನಮ್ಮದು ನೀಲಿ. ನಮಗೆ ಮೂರು ವರ್ಷದಲ್ಲಿ ನಾಲ್ಕು ಜನ ಕೋಚ್ ಬಂದು ಹೋದರು. ಅದರಲ್ಲಿ ಇಬ್ಬರು ಕಾಲೇಜಿನಲ್ಲಿ ಓದುತ್ತಿದ್ದ ಹುಡುಗರು. ಪಾಪ, ಪರೀಕ್ಷೆ ಬಂದಾಗ ಪ್ರಾಕ್ಟೀಸ್ ರದ್ದು.

ಫೀಸು ಮಾತ್ರ ಮೂರು ತಂಡಕ್ಕೂ ಒಂದೇ. ಕೊನೆಯ ವರ್ಷ ತಲಾ 2,900 ಡಾಲರ್. ಒಂದು ತಂಡದಲ್ಲಿ ಹದಿನಾರು ಮಕ್ಕಳು, ಅಂದರೆ ತಂಡಕ್ಕೆ 46,400. ನೀಲಿ, ಬಿಳಿ ತಂಡದಿಂದ ಅಷ್ಟು ದುಡ್ಡು ಬರುತ್ತಿದ್ದರೂ ಕೋಚ್ ಅಂತ ಸಿಗುತ್ತಿದ್ದದ್ದು ವಿದ್ಯಾರ್ಥಿಗಳು. ಮಿಕ್ಕಿದ್ದು ಎಲ್ಲಿಗೆ ಹೋಗುತ್ತಿತ್ತು ಅಂತ ನನಗೆ ಯಾರೂ ಲೆಕ್ಕ ತೋರಿಸಿಲ್ಲ. ಆದರೆ ಕೆಂಪು ತಂಡಕ್ಕೆ ಇಬ್ಬರು ಕೋಚು, ಒಬ್ಬ ಗೋಲ್‌ಕೀಪರ್ ಕೋಚು ಇದ್ದದ್ದು ಕಣ್ಣಿಗೆ ಕಾಣುತ್ತಿತ್ತು. ಕೆಳಗಿನ ತಂಡದವರ ದುಡ್ಡಿನಲ್ಲಿ ಮೇಲಿನ ತಂಡ ನಡೆಯುತ್ತದೆ ಅಂತ ನನ್ನ ಅನುಮಾನ. ನಮ್ಮಂಥವರು "ಮುಂದಿನ ವರ್ಷ ಕೆಂಪಿಗೆ ಹೋಗಬಹುದು" ಅನ್ನುವ ಆಸೆಗೆ ಕಟ್ಟುತ್ತಾ ಇರುತ್ತೇವೆ.

ಹಾಗಂತ ಎಲ್ಲವೂ ಮೋಸ ಅಲ್ಲ. ಮೊದಲ ವರ್ಷದ ಕೋಚ್ ಚಿನ್ನದಂಥ ಹೆಂಗಸು. ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ನೋಡುವುದು, ಮೊದಲ ಸ್ಪರ್ಶದಲ್ಲೇ ಚೆಂಡನ್ನು ಖಾಲಿ ಜಾಗಕ್ಕೆ ತಳ್ಳುವುದು, ಎಡಗಾಲು. ಇಷ್ಟೇ ಇಡೀ ವರ್ಷ ಕಲಿಸಿದರು. ಸೋತರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆ ವರ್ಷ ಮಗಳು ದಿನಾ ಸಂಜೆ ನಮ್ಮ ಗ್ಯಾರೇಜಿನ ಬಾಗಿಲಿಗೆ ಎಡಗಾಲಲ್ಲಿ ಚೆಂಡು ಒದೆಯುತ್ತಿದ್ದಳು. ಬಾಗಿಲಲ್ಲಿ ತಗ್ಗು ಬಿದ್ದಿದೆ, ಅದರ ಖರ್ಚನ್ನು ನಾನು ಸೇರಿಸಿಲ್ಲ. ಆ ಕೋಚ್ ಬೇರೆ ಕ್ಲಬ್ಬಿಗೆ ಹೋದರು. ನಮ್ಮ ಮೊದಲ ವರ್ಷಕ್ಕೆ ಕಣ್ಣುಮುಚ್ಚಿ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಆಮೇಲಿನ ಎರಡು ವರ್ಷ ಸರಾಸರಿಯನ್ನು ಕೆಳಗೆ ಎಳೆದವು.

ಕೊನೆಯ ವರ್ಷದ ಪೂರ್ತಿ ಖರ್ಚು ಬರೆದಿಟ್ಟಿದ್ದೇನೆ. ಫೀಸು 2,900. ಎರಡು ಜೊತೆ ಜೆರ್ಸಿ, ಟ್ರ್ಯಾಕ್ ಸೂಟು, ಕ್ಲಬ್ಬಿನ ಮುದ್ರೆ ಇರುವ ಬ್ಯಾಗೇ ಬೇಕು, ಒಟ್ಟು 340. ಚಳಿಗಾಲದ ಒಳಾಂಗಣ ಪ್ರಾಕ್ಟೀಸಿಗೆ 300. ಟೂರ್ನಮೆಂಟುಗಳ ಪಾಲು 260. ಮೂರು ಊರಿನ ಹೋಟೆಲು 1,260. ಪೆಟ್ರೋಲು, ಟೋಲು 900. ಹೊರಗಿನ ಊಟ 600. ಕೂಡಿದರೆ 6,560 ಡಾಲರ್. ಆಸ್ಪೆನ್ ಇನ್‌ಸ್ಟಿಟ್ಯೂಟ್‌ನವರ ಸಮೀಕ್ಷೆಯ ಪ್ರಕಾರ 2024ರಲ್ಲಿ ಇಲ್ಲಿನ ಕುಟುಂಬಗಳು ಒಂದು ಮಗುವಿನ ಮುಖ್ಯ ಆಟಕ್ಕೆ ಸರಾಸರಿ 1,016 ಡಾಲರ್ ಖರ್ಚು ಮಾಡಿದ್ದವು, ಅದೂ 2019ಕ್ಕಿಂತ ಶೇ. 46 ಜಾಸ್ತಿ. ನಾವು ಅದರ ಆರು ಪಟ್ಟಿಗೂ ಮೇಲೆ, ಅದೂ ನೀಲಿ ತಂಡಕ್ಕೆ.

ಈಗ ರಿಚ್ಮಂಡ್ ಕಥೆ. 2025ರ ಮೇ ಕೊನೆ, ಮೆಮೋರಿಯಲ್ ಡೇ ರಜೆ. ವರ್ಜೀನಿಯಾದ ರಿಚ್ಮಂಡ್ ಹತ್ತಿರ ಟೂರ್ನಮೆಂಟು. ನಮ್ಮ ಮನೆಯಿಂದ ಸುಮಾರು 300 ಮೈಲಿ. ದಾವಣಗೆರೆಯಿಂದ ಅತ್ತೆ ಬಂದಿದ್ದರು, ಅವರನ್ನೂ ಕರೆದುಕೊಂಡು ಹೋದೆವು. ಶುಕ್ರವಾರ ಮಧ್ಯಾಹ್ನ ಹೊರಟು, ಬಾಲ್ಟಿಮೋರ್ ಹತ್ತಿರ ಒಂದು ಗಂಟೆ, ವಾಷಿಂಗ್ಟನ್ ದಾಟಿದ ಮೇಲೆ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ತೆವಳಿ ರಾತ್ರಿ ಹತ್ತಕ್ಕೆ ಮುಟ್ಟಿದೆವು.

ಮೈದಾನದಿಂದ ಇಪ್ಪತ್ತು ನಿಮಿಷಕ್ಕೆ ನನ್ನ ಚಿಕ್ಕಪ್ಪನ ಮಗಳ ಮನೆ ಇದೆ. ಖಾಲಿ ರೂಮು ಇದೆ, ಬಿಸಿ ಸಾರು ಇದೆ. ಆದರೂ ಅಲ್ಲಿ ಉಳಿಯುವ ಹಾಗಿಲ್ಲ. "ಸ್ಟೇ ಟು ಪ್ಲೇ" ಅಂತ ನಿಯಮ. ಟೂರ್ನಮೆಂಟಿನವರು ಹೇಳಿದ ಏಜೆಂಟ್ ಮೂಲಕವೇ, ಅವರು ಹೇಳಿದ ಹೋಟೆಲಿನಲ್ಲೇ ರೂಮು ತಗೊಳ್ಳಬೇಕು. ತಗೊಳ್ಳದಿದ್ದರೆ ತಂಡಕ್ಕೇ ಪ್ರವೇಶ ಇಲ್ಲ. ಎರಡು ರಾತ್ರಿಗೆ 438 ಡಾಲರ್ ಕೊಟ್ಟು, ರೂಮಿನಲ್ಲಿ ಸಣ್ಣ ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಅನ್ನ ಮಾಡಿ, ಪುಳಿಯೋಗರೆ ಗೊಜ್ಜು ಕಲಸಿ ತಿಂದೆವು. ತಂಗಿ ಈಗಲೂ ಆಡಿಕೊಳ್ಳುತ್ತಾಳೆ.

ಅತ್ತೆ, ಮಾವನವರ ಅಡಿಕೆ ಮಂಡಿಯ ಲೆಕ್ಕ ನೋಡಿಕೊಂಡಿದ್ದವರು. ಮೈದಾನದ ಪಕ್ಕ ಮಡಿಚೋ ಕುರ್ಚಿಯಲ್ಲಿ ಶಾಲು ಹೊದ್ದು ಕೂತು, ಮೊದಲ ಮ್ಯಾಚಿನಿಂದಲೇ ಗಡಿಯಾರ ನೋಡಿ ಹೋಟೆಲ್ ರಸೀದಿಯ ಹಿಂದೆ ಏನೋ ಗೀಚುತ್ತಿದ್ದರು. ಮೂರು ಮ್ಯಾಚು, ಒಂದೊಂದು ಐವತ್ತು ನಿಮಿಷ. ಒಂಬತ್ತು ಜನ ಆಡಿದರೆ ಏಳು ಜನ ಹೊರಗೆ ಕೂರಬೇಕು. ಎರಡನೇ ಮ್ಯಾಚಿನ ಮಧ್ಯೆ ಗುಡುಗಿತು. ಗುಡುಗಿದರೆ ಅರ್ಧ ಗಂಟೆ ಆಟ ನಿಲ್ಲಿಸಬೇಕು, ಮತ್ತೆ ಗುಡುಗಿದರೆ ಮತ್ತೆ ಅರ್ಧ ಗಂಟೆ. ಹೀಗೆ ಕಾರಿನಲ್ಲಿ ಒಂದೂವರೆ ಗಂಟೆ. ನಾಲ್ಕು ಹುಡುಗಿಯರು ನಮ್ಮ ಕಾರಿಗೇ ನುಗ್ಗಿ ಅತ್ತೆ ಮಾಡಿ ತಂದಿದ್ದ ಕೋಡುಬಳೆ ಡಬ್ಬ ಖಾಲಿ ಮಾಡಿದರು. ಇಡೀ ಪ್ರವಾಸದಲ್ಲಿ ನನ್ನ ಮಗಳು ಜೋರಾಗಿ ನಕ್ಕಿದ್ದು ಆ ಒಂದೂವರೆ ಗಂಟೆಯಲ್ಲಿ.

ಭಾನುವಾರ ವಾಪಸ್ ಬರುವಾಗ ಅತ್ತೆ ರಸೀದಿ ತೆಗೆದರು. "ಮೂರೂ ಮ್ಯಾಚು ಸೇರಿ ಹುಡುಗಿ ಆಡಿದ್ದು ಅರವತ್ಮೂರು ನಿಮಿಷ. ನಿಮ್ದು ಖರ್ಚು ಎಷ್ಟಾತು?" ಹೋಟೆಲು, ಪೆಟ್ರೋಲು, ಊಟ, ಟೂರ್ನಮೆಂಟಿನ ಪಾಲು ಸೇರಿ 763 ಅಂತ ನಮ್ಮವರು ಹೇಳಿದರು. ಅತ್ತೆ ಒಂದು ಕ್ಷಣ ಸುಮ್ಮನಿದ್ದು, "ನಿಮಿಷಕ್ಕ ಸಾವಿರ ರೂಪಾಯಿ ಆತು ನೋಡವಾ" ಅಂದರು. ಆಮೇಲೆ ಡೆಲವೇರ್ ಬರುವವರೆಗೆ ಯಾರೂ ಮಾತಾಡಲಿಲ್ಲ.

ದುಡ್ಡು ಒಂದು ಕಡೆ ಇರಲಿ. ಆ ವರ್ಷದ ಚಳಿಗಾಲದಲ್ಲಿ ಅವಳಿಗೆ ಹಿಮ್ಮಡಿ ನೋವು ಶುರುವಾಗಿತ್ತು. ಬೆಳಿಗ್ಗೆ ಎದ್ದು ಕುಂಟುತ್ತಿದ್ದಳು. ಡಾಕ್ಟರು "ಸೀವರ್ಸ್" ಅಂದರು. ಬೆಳೆಯುವ ಮಕ್ಕಳಲ್ಲಿ, ಅದರಲ್ಲೂ ಓಡುವ, ಜಿಗಿಯುವ ಆಟದವರಲ್ಲಿ ಹಿಮ್ಮಡಿಯ ಬೆಳೆಯುವ ಮೂಳೆ ಊದಿಕೊಳ್ಳುವುದು. ಗಾಬರಿ ಏನಿಲ್ಲ, ಶೂ ಒಳಗೆ ಮೆತ್ತೆ ಇಡಿ, ವಿಶ್ರಾಂತಿ ಕೊಡಿ ಅಂದರು. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಇದನ್ನೇ ಹೇಳುತ್ತದೆ: ವಾರಕ್ಕೆ ಕನಿಷ್ಠ ಒಂದು ದಿನ ಬಿಡುವು, ವರ್ಷದಲ್ಲಿ ಎರಡು ಮೂರು ತಿಂಗಳು ಆ ಆಟದಿಂದ ದೂರ. ನಮ್ಮ ಕ್ಲಬ್ಬಿನ ಕ್ಯಾಲೆಂಡರಿನಲ್ಲಿ ಎರಡು ತಿಂಗಳ ಖಾಲಿ ಜಾಗವೇ ಇರಲಿಲ್ಲ. ಮೂರು ವಾರ ಬಿಡುವು ಕೇಳಿದ್ದಕ್ಕೆ "ಖಂಡಿತ ಕೊಡಿ, ಆದರೆ ಅವಳ ಜಾಗ ಹಾಗೇ ಇರುತ್ತೆ ಅಂತ ಹೇಳಲಾರೆ" ಅಂತ ನಯವಾಗಿ ಉತ್ತರ ಬಂತು. ಒಂದು ಸ್ಟಾರ್ ಅಲ್ಲೇ ಹೋಯಿತು.

ಇನ್ನೊಂದು ತಮಾಷೆ ನೋಡಿ. ಮಗಳು ಹುಟ್ಟಿದ್ದು 2013ರ ಅಕ್ಟೋಬರ್. 2017ರಿಂದ ಇಲ್ಲಿ ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ ವಯಸ್ಸಿನ ಗುಂಪು ಮಾಡುತ್ತಿದ್ದರು. ಹಾಗಾಗಿ ಅವಳು ಸದಾ ಗುಂಪಿನ ಚಿಕ್ಕವರಲ್ಲಿ ಒಬ್ಬಳು. ಜನವರಿಯಲ್ಲಿ ಹುಟ್ಟಿದವರು ಒಂದು ಗೇಣು ಎತ್ತರ. 2026-27ರಿಂದ ಆಗಸ್ಟ್‌ನಿಂದ ಜುಲೈ ಅಂತ ಲೆಕ್ಕ ಬದಲಾಗುತ್ತಿದೆ. ಈಗ ಅವಳು ಗುಂಪಿನ ದೊಡ್ಡವರಲ್ಲಿ ಒಬ್ಬಳು! ಕಾಲು ಅದೇ, ಆಟ ಅದೇ. ಎಂಟು ವರ್ಷಕ್ಕೆ ಕೆಂಪು, ನೀಲಿ ಅಂತ ವಿಂಗಡಿಸಿದ್ದರಲ್ಲ, ಅದರಲ್ಲಿ ಎಷ್ಟು ಪಾಲು ಪ್ರತಿಭೆ, ಎಷ್ಟು ಪಾಲು ಹುಟ್ಟಿದ ತಿಂಗಳು ಅಂತ ನನಗೆ ಆಗ ಹೊಳೆದೇ ಇರಲಿಲ್ಲ. ನಾರ್ವೆಯಲ್ಲಿ ಹದಿಮೂರು ತುಂಬುವ ಮೊದಲು ಮಕ್ಕಳಿಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಸುವ ಹಾಗೇ ಇಲ್ಲ. ಅಷ್ಟು ಚಿಕ್ಕ ದೇಶ ಆಟದಲ್ಲಿ ಹಿಂದೆ ಏನೂ ಬಿದ್ದಿಲ್ಲ, ಅಲ್ವಾ?

ಸ್ಕಾಲರ್‌ಶಿಪ್ ಬಗ್ಗೆ ಮೂವರು ಅಮ್ಮಂದಿರೂ ಕೇಳಿದರು. ಬೇಗ ಮುಗಿಸುತ್ತೇನೆ. ಹೈಸ್ಕೂಲಿನಲ್ಲಿ ಆಡುವವರಲ್ಲಿ ಕಾಲೇಜಿನ ಕ್ರೀಡಾ ಸ್ಕಾಲರ್‌ಶಿಪ್ ಸಿಗುವುದು ಸುಮಾರು ಶೇ. 2 ಜನಕ್ಕೆ ಅಂತ ಇಲ್ಲಿನ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ತಾನೇ ಹೇಳುತ್ತದೆ. ಅದರ ಮೂರನೇ ದರ್ಜೆಯಾದ ಡಿವಿಷನ್ ಮೂರರ ಕಾಲೇಜುಗಳು, ಐವಿ ಲೀಗ್ ಕಾಲೇಜುಗಳು ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಪ್ರವೇಶಕ್ಕೆ ಸಹಾಯ ಆಗಬಹುದು, ನಿಜ. ಆದರೆ ಅದನ್ನು ನಂಬಿ ಎಂಟನೇ ವಯಸ್ಸಿನಿಂದ ವರ್ಷಕ್ಕೆ ಆರು ಸಾವಿರ ಸುರಿಯುವ ಬದಲು ಅದನ್ನೇ ಕಾಲೇಜಿನ ಉಳಿತಾಯ ಖಾತೆಗೆ ಹಾಕಿ.

ಬ್ರೋಷರಿನಲ್ಲಿ ಇರದ ಖರ್ಚು ನನ್ನ ಮಗನದು. ಅವನಿಗೆ ಈಗ ಏಳು. ಅಕ್ಕನ ಪ್ರಾಕ್ಟೀಸ್ ಹೊತ್ತಿಗೇ ಇದ್ದ ಅವನ ಈಜು ಕ್ಲಾಸು ಬಿಡಿಸಿದ್ದೆವು. ಭಾನುವಾರದ ಕನ್ನಡ ಶಾಲೆ ಮೂವತ್ತು ವಾರದಲ್ಲಿ ಹನ್ನೊಂದು ವಾರ ಹೋಗಿದ್ದಷ್ಟೇ. ಕಾರಿನ ಹಿಂದಿನ ಸೀಟಿನಲ್ಲಿ ಕೂತು "ಕಾಗುಣಿತ" ಬರೆಯುತ್ತಿದ್ದ, ಅಕ್ಷರಗಳೆಲ್ಲ ರಸ್ತೆಯ ಗುಂಡಿಗೆ ತಕ್ಕ ಹಾಗೆ ಕುಣಿಯುತ್ತಿದ್ದವು. ಒಂದು ದಿನ ಅವನ ಮೇಡಂ ವಾರಾಂತ್ಯದ ಚಿತ್ರ ಬಿಡಿಸಲು ಹೇಳಿದ್ದಕ್ಕೆ ಡ್ಯಾಶ್‌ಬೋರ್ಡು ಮತ್ತು ನನ್ನ ತಲೆಯ ಹಿಂಭಾಗ ಬರೆದಿದ್ದ. ಜಡೆ ಚೆನ್ನಾಗಿ ಬಂದಿತ್ತು.

2025ರ ಸೆಪ್ಟೆಂಬರ್‌ನಿಂದ ಮಗಳು ನಮ್ಮ ಟೌನ್‌ನದೇ ಟ್ರಾವೆಲ್ ತಂಡದಲ್ಲಿ ಆಡುತ್ತಿದ್ದಾಳೆ. ವರ್ಷಕ್ಕೆ 420 ಡಾಲರ್, ಪ್ರಾಕ್ಟೀಸಿಗೆ ಹತ್ತು ನಿಮಿಷದ ದಾರಿ, ಮ್ಯಾಚುಗಳು 25 ಮೈಲಿ ಒಳಗೆ. ಹಿಮ್ಮಡಿ ನೋವು ಹೋಗಿದೆ. ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ, ಅದರಲ್ಲಿ ಏನೂ ಬರುವುದಿಲ್ಲ, ಖುಷಿಯಾಗಿದ್ದಾಳೆ. ಆದರೆ ಸುಳ್ಳು ಹೇಳಬಾರದು. ಆಟದ ಮಟ್ಟ ಇಲ್ಲಿ ಕಡಿಮೆ. ಕೆಲವು ಮ್ಯಾಚು 7-0. "ಇಲ್ಲಿ ಯಾರೂ ಪಾಸೇ ಕೊಡಲ್ಲ ಅಮ್ಮಾ" ಅಂತ ಮನೆಗೆ ಬಂದು ಶೂ ಎಸೆಯುತ್ತಾಳೆ. ಕೋಡುಬಳೆ ತಿಂದ ನಾಲ್ವರಲ್ಲಿ ಒಬ್ಬಳು ಮಾತ್ರ ಈಗಲೂ ಫೋನು ಮಾಡುತ್ತಾಳೆ. ಹಳೆಯ ಕ್ಲಬ್ಬಿಗೆ ಎಷ್ಟು ಸ್ಟಾರ್ ಕೊಡ್ತೀಯಾ ಅಂತ ಮಗಳನ್ನು ಕೇಳಿದೆ. "ನಾಲ್ಕು" ಅಂದಳು. ನನ್ನ ಎರಡೂವರೆ ಕೇಳಿ ನಾಲ್ಕು ದಿನ ಮುನಿಸು.

ಹಾಗಾಗಿ ಸೇರಿಸಬೇಡಿ ಅಂತ ಖಡಾಖಂಡಿತ ಹೇಳಲಾರೆ. ಯಾರೂ ಹೇಳದೆ ಮಗು ತಾನೇ ಚೆಂಡು ಹಿಡಿದು ಹೊರಗೆ ಓಡುತ್ತಿದ್ದರೆ, ಪ್ರಾಕ್ಟೀಸು ಅರ್ಧ ಗಂಟೆ ಒಳಗೆ ಇದ್ದರೆ ನೋಡಿ. ಡೆಪಾಸಿಟ್ ಕಟ್ಟುವ ಮೊದಲು ಆ ತಂಡದ ಕೋಚಿನ ಒಂದು ಪ್ರಾಕ್ಟೀಸನ್ನು ಬೇಲಿಯ ಆಚೆ ನಿಂತು ಪೂರ್ತಿ ನೋಡಿ. ಎಷ್ಟು ಹೊತ್ತು ಮಕ್ಕಳು ಸಾಲಿನಲ್ಲಿ ಸುಮ್ನೆ ನಿಂತಿರುತ್ತಾರೆ ಅಂತ ಎಣಿಸಿ. ತಂಡದಲ್ಲಿ ಎಷ್ಟು ಜನ, ಎಷ್ಟು ಟೂರ್ನಮೆಂಟಿಗೆ ಹೋಟೆಲ್ ಕಡ್ಡಾಯ, ಗಾಯ ಆದರೆ ದುಡ್ಡು ವಾಪಸ್ ಉಂಟಾ, ಇಮೇಲಿನಲ್ಲೇ ಕೇಳಿ. 48 ಗಂಟೆ ಅಂದರೂ ನಾಲ್ಕು ದಿನ ಕಾಯುತ್ತಾರೆ, ನಾನು ಆಮೇಲೆ ಕಂಡುಕೊಂಡಿದ್ದು. ನೀಲಿ, ಬಿಳಿ ತಂಡದಲ್ಲಿ ಸೀಟು ಸದಾ ಖಾಲಿ ಇರುತ್ತದೆ.

ನಮ್ಮ ಮಡಿಚೋ ಟೆಂಟು ಗ್ಯಾರೇಜಿನಲ್ಲಿ ಬಿದ್ದಿದೆ. ಒಂದು ಕಾಲು ಸೊಟ್ಟ, ರಿಚ್ಮಂಡ್ ಗಾಳಿಗೆ ಆದದ್ದು. ಎರಡನೇ ಮತ್ತು ಮೂರನೇ ಸೈಜಿನ ಬೂಟುಗಳೂ ಇವೆ. ಎಡಿಸನ್ ಸುತ್ತಮುತ್ತ ಯಾರಿಗಾದರೂ ಬೇಕಿದ್ದರೆ ಬಂದು ತಗೊಂಡು ಹೋಗಿ, ದುಡ್ಡು ಬೇಡ. ಮಡಿಚೋ ಕುರ್ಚಿ ಮಾತ್ರ ಕೊಡುವುದಿಲ್ಲ. ಮುಂದಿನ ಬೇಸಿಗೆಗೆ ಅತ್ತೆ ಮತ್ತೆ ಬರುತ್ತಾರೆ.