ಡಿಎಲ್ ಮುಗಿದ ಮೇಲೂ ಮೂವತ್ತು ದಿನ ಗಾಡಿ ಓಡಿಸಬಹುದು ಅನ್ನೋ ಮಾತು ನಂಬಬೇಡಿ

ಒಬ್ಬರ ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಅವಧಿ ಮುಗಿದು ಹನ್ನೆರಡು ದಿನವಾಗಿತ್ತು. "ಒಂದು ತಿಂಗಳು ಟೈಮ್ ಇರುತ್ತೆ, ನಿಧಾನಕ್ಕೆ ಮಾಡಿಸಿದರಾಯ್ತು" ಎಂದು ಯಾರೋ ಹೇಳಿದ್ದನ್ನು ನಂಬಿ ಅವರು ಕಾರು ತೆಗೆದರು. ಸಿಗ್ನಲ್ ಹತ್ತಿರ ಮುಂದಿದ್ದ ಗಾಡಿಗೆ ಗುದ್ದಿತು. ಇನ್ಶೂರೆನ್ಸ್ ಸರ್ವೇಯರ್ ಡಿಎಲ್ ಕೇಳಿದರು, ತಾರೀಖು ನೋಡಿದರು, ಕಾರಿನ ರಿಪೇರಿ ಕ್ಲೇಮ್ ಅಲ್ಲಿಗೇ ನಿಂತಿತು. ಆತುರಾತುರವಾಗಿ ರಿನ್ಯೂ ಮಾಡಿಸಿದರೂ ಪ್ರಯೋಜನವಾಗಲಿಲ್ಲ. ತಡವಾಗಿ ಮಾಡಿಸಿದ ಡಿಎಲ್ ರಿನ್ಯೂ ಆದ ದಿನದಿಂದ ಚಾಲ್ತಿಗೆ ಬರುತ್ತದೆ, ಹಿಂದಿನ ದಿನಗಳನ್ನು ಅದು ತುಂಬಿಕೊಡುವುದಿಲ್ಲ.

ಆ ಮೂವತ್ತು ದಿನದ ವಿನಾಯಿತಿ ಒಂದು ಕಾಲದಲ್ಲಿ ನಿಜವಾಗಿಯೂ ಇತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಹಳೆಯ ಮಾತು ಮಾತ್ರ ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಈಗ ಅವಧಿ ಮುಗಿದ ಮರುದಿನ ಸ್ಟೇರಿಂಗ್ ಹಿಡಿದರೂ ಅದು ಲೈಸೆನ್ಸ್ ಇಲ್ಲದೆ ಓಡಿಸಿದಂತೆಯೇ. ಅರ್ಜಿ ಹಾಕಿದ ರಸೀದಿ ಜೇಬಿನಲ್ಲಿದ್ದರೂ ಅಷ್ಟೇ.

ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು, ಹಾಗಾಗಿ ಕಾಯಬೇಡಿ. ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಟ್ರ್ಯಾಕ್ ಮೇಲೆ ಡ್ರೈವಿಂಗ್ ಟೆಸ್ಟ್ ಪಾಸಾಗಬೇಕು. ಇಪ್ಪತ್ತು ವರ್ಷ ಓಡಿಸಿದವರಿಗೂ ಇದರಲ್ಲಿ ರಿಯಾಯಿತಿ ಇಲ್ಲ.

ಕಾರ್ಡನ್ನು ಈಗಲೇ ತೆಗೆದು ನೋಡಿ. ಎನ್‌ಟಿ ಅಂದರೆ ಸ್ವಂತ ಬಳಕೆಯ ಗಾಡಿ, ಟಿಆರ್ ಅಂದರೆ ಟ್ರಾನ್ಸ್‌ಪೋರ್ಟ್, ಬಾಡಿಗೆಗೆ ಓಡಿಸುವ ಗಾಡಿ. ಎರಡಕ್ಕೂ ಬೇರೆ ಬೇರೆ ತಾರೀಖು ಇರುತ್ತದೆ. ಟಿಆರ್ ಐದೇ ವರ್ಷ, ಹಾಗಾಗಿ ಎನ್‌ಟಿ ತಾರೀಖು ನೋಡಿ ನಿಶ್ಚಿಂತೆಯಿಂದಿರುವ ಚಾಲಕರು ಇಲ್ಲೇ ಸಿಕ್ಕಿಬೀಳುತ್ತಾರೆ. ಎನ್‌ಟಿ ಲೆಕ್ಕ ವಯಸ್ಸಿನ ಮೇಲೆ: ಮೂವತ್ತರೊಳಗೆ ಮಾಡಿಸಿದರೆ ನಲವತ್ತು ತುಂಬುವವರೆಗೆ, 30ರಿಂದ 50ರೊಳಗೆ ಹತ್ತು ವರ್ಷ, 50ರಿಂದ 55ರೊಳಗೆ ಅರವತ್ತು ತುಂಬುವವರೆಗೆ, ಆಮೇಲೆ ಐದೈದು ವರ್ಷ.

ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಪರಿವಾಹನ್ ತಾಣದ ಸಾರಥಿ ವಿಭಾಗದಲ್ಲಿ. ರಾಜ್ಯ ಆರಿಸಿ, ಡಿಎಲ್ ನಂಬರ್ ಮತ್ತು ಹುಟ್ಟಿದ ತಾರೀಖು ಕೊಟ್ಟು ರಿನ್ಯೂವಲ್ ಅರ್ಜಿ ತುಂಬಬೇಕು. ಬುಕ್‌ಲೆಟ್ ಕಾಲದ ಡಿಎಲ್ ಆಗಿದ್ದರೆ ನಂಬರ್ ಹಾಕಿದಾಗ ದಾಖಲೆಯೇ ಸಿಗದಿರಬಹುದು. ಆಗ ಮೊದಲು ಅದನ್ನು ಕೊಟ್ಟ ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ದಾಖಲೆಯನ್ನು ಆನ್‌ಲೈನ್‌ಗೆ ಸೇರಿಸುವ ಕೆಲಸ, ಮಾಡಿಸಿಕೊಳ್ಳಿ. ಇದಕ್ಕೇ ದಿನಗಳು ಹಿಡಿಯುತ್ತವೆ.

ನಲವತ್ತು ದಾಟಿದವರಿಗೆ ಮತ್ತು ಟಿಆರ್ ಇರುವವರಿಗೆ ಫಾರಂ 1ಎ, ಅಂದರೆ ವೈದ್ಯರ ಪ್ರಮಾಣಪತ್ರ ಬೇಕು. ಇಪ್ಪತ್ತೈದು ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಆಗುತ್ತದೆಯೇ, ಕೆಂಪು ಹಸಿರು ಗುರುತಿಸಲು ಆಗುತ್ತದೆಯೇ ಎಂದು ಅದರಲ್ಲಿದೆ. ಕನ್ನಡಕ ಹಾಕುವವರು ಹಾಕಿಕೊಂಡೇ ಹೋಗಿ. ವೈದ್ಯರ ಸಹಿ, ಸೀಲು, ನೋಂದಣಿ ಸಂಖ್ಯೆ ಸ್ಪಷ್ಟವಾಗಿ ಕಾಣದಿದ್ದರೆ ಅರ್ಜಿ ವಾಪಸ್ ಬರುತ್ತದೆ. ಮೊಬೈಲ್‌ನಲ್ಲಿ ಮಬ್ಬಾಗಿ ಫೋಟೊ ಹೊಡೆದು ಅಪ್‌ಲೋಡ್ ಮಾಡಬೇಡಿ.

ಹಣದ ವಿಚಾರದಲ್ಲಿ ಇನ್ನೂ ಹುಷಾರಾಗಿರಿ. ಕೇಂದ್ರದ ನಿಯಮದಲ್ಲಿ ರಿನ್ಯೂವಲ್‌ಗೆ 200 ರೂಪಾಯಿ, ಸ್ಮಾರ್ಟ್ ಕಾರ್ಡ್‌ಗೆ ಇನ್ನೊಂದು 200. ತಡವಾದರೆ 300, ಜೊತೆಗೆ ವರ್ಷಕ್ಕೆ 1,000ದಂತೆ ಹೆಚ್ಚುವರಿ. ಗೂಗಲ್‌ನಲ್ಲಿ ಹುಡುಕಿದಾಗ ಅಶೋಕ ಸ್ತಂಭದ ಚಿತ್ರ ಹಾಕಿಕೊಂಡ ನಕಲಿ ತಾಣಗಳೂ ಸಿಗುತ್ತವೆ. ಅವು ದುಡ್ಡನ್ನೂ ಆಧಾರ್ ವಿವರವನ್ನೂ ಪಡೆದು ಸುಮ್ಮನಾಗುತ್ತವೆ. ವಿಳಾಸದ ಕೊನೆಯಲ್ಲಿ "ಡಾಟ್ ಜಿಒವಿ ಡಾಟ್ ಇನ್" ಇರಲೇಬೇಕು. ಏಜೆಂಟ್ ಮೂಲಕ ಮಾಡಿಸುವವರು ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ನಂಬರ್ ಇದೆಯೇ ಎಂದು ನೋಡಿಕೊಳ್ಳಿ, ಅರ್ಜಿ ಸಂಖ್ಯೆ ಪಡೆದು ಅವತ್ತೇ ಸಾರಥಿಯಲ್ಲಿ ಹಾಕಿ ಪರಿಶೀಲಿಸಿ. ಆ ಸಂಖ್ಯೆ ಅಲ್ಲಿ ತೆರೆಯದಿದ್ದರೆ ನಿಮ್ಮ ಅರ್ಜಿ ಇನ್ನೂ ಹೋಗಿಯೇ ಇಲ್ಲ.